ತಿಳಿನೀರು ಮತ್ತು ಶುದ್ಧೋದಕ: ಮಣ್ಣಿನ ಶೋಧಕಗಳ ಶಕ್ತಿ ಮತ್ತು ಮಿತಿ

ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಗಳಂತಹ ನಗರಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಒಂದರ ಮೇಲೊಂದು ಇರಿಸಿದ ಎರಡು ಪಾತ್ರೆಗಳ ಫಿಲ್ಟರು ಬಹುಕಾಲದಿಂದ ಪರಿಚಿತವಾದ ವಸ್ತು. ಮೇಲಣ ಪಾತ್ರೆಯಲ್ಲಿ ಒಂದೋ ಎರಡೋ ಬಿಳಿಯ ಕ್ಯಾಂಡಲುಗಳು ನಿಂತಿರುತ್ತವೆ. ಸುರಿದ ನೀರು ಅವುಗಳ ಗೋಡೆಯನ್ನು ಹಾಯ್ದು ತೊಟ್ಟುತೊಟ್ಟಾಗಿ ಕೆಳಗಣ ಪಾತ್ರೆಗೆ ಇಳಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ವಿದ್ಯುತ್ತಿನಿಂದ ನಡೆಯುವ ಯಂತ್ರಗಳು ಇದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿಕೊಂಡಿದ್ದರೂ, ವಿದ್ಯುತ್ತನ್ನು ಬೇಡದ, ನೀರನ್ನು ಪೋಲುಮಾಡದ ಈ ಸರಳ ಸಾಧನ ಅನೇಕ ಮನೆಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಅದರಿಂದ ಇಳಿದ ನೀರು ಸ್ಫಟಿಕದಂತೆ ತಿಳಿಯಾಗಿರುವುದರಿಂದ ಮನೆಯವರು ಅದನ್ನು ನಿಶ್ಚಿಂತೆಯಾಗಿ ಕುಡಿಯುವರು, ಮಕ್ಕಳಿಗೂ ಕುಡಿಸುವರು.

ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ. ತಿಳಿಯಾಗಿರುವುದೆಲ್ಲ ಶುದ್ಧವಲ್ಲ, ಶುದ್ಧವಾದುದೆಲ್ಲ ಒಂದೇ ಅರ್ಥದಲ್ಲಿ ಶುದ್ಧವಲ್ಲ. ಸುಟ್ಟ ಮಣ್ಣಿನ ಶೋಧಕವು ಕೆಲವನ್ನು ಬಹು ಚೆನ್ನಾಗಿ ತಡೆಯುತ್ತದೆ, ಕೆಲವನ್ನು ಅರೆಬರೆಯಾಗಿ ತಡೆಯುತ್ತದೆ, ಇನ್ನು ಕೆಲವನ್ನು ತಡೆಯುವುದೇ ಇಲ್ಲ. ಈ ಮೂರು ವರ್ಗಗಳು ಯಾವುವೆಂಬುದನ್ನು ತಿಳಿದವನಿಗೆ ಅದು ಉಪಕಾರಿ. ತಿಳಿಯದೆ ಎಲ್ಲವನ್ನೂ ಅದಕ್ಕೆ ಒಪ್ಪಿಸಿದವನಿಗೆ ಅದೇ ಅಪಾಯಕ್ಕೆ ದಾರಿಯಾಗಬಹುದು.

ಬಟ್ಟೆಯಿಂದ ಮರಳಿಗೆ

ನೀರನ್ನು ಸೋಸಿ ಕುಡಿಯಬೇಕೆಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ. ಬಟ್ಟೆಯಲ್ಲಿ ಗಾಳಿಸಿದ ನೀರನ್ನೇ ಕುಡಿಯಬೇಕೆಂದು ಸ್ಮೃತಿಗಳು ವಿಧಿಸಿವೆ. ಜೈನರಲ್ಲಿ ಇದು ಅಹಿಂಸಾವ್ರತದ ಅಂಗವಾಗಿ ಇಂದಿಗೂ ಆಚರಣೆಯಲ್ಲಿದೆ. ಕದಡಿದ ನೀರನ್ನು ತಿಳಿಗೊಳಿಸಲು ಕತಕಬೀಜವನ್ನು, ಎಂದರೆ ಚಿಲ್ಲದ ಬೀಜವನ್ನು, ತೇಯ್ದು ಬೆರೆಸುವ ಪದ್ಧತಿಯೂ ಪ್ರಾಚೀನವಾದುದೇ. ಇವನ್ನು ಕೇವಲ ಸಂಪ್ರದಾಯವೆಂದು ತಳ್ಳಿಹಾಕುವಂತಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಹಳೆಯ ಸೀರೆಯನ್ನು ಹಲವು ಮಡಿಕೆಯಾಗಿಸಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ನೂರಕ್ಕೆ 48ರಷ್ಟು ಕಡಿಮೆಯಾದುದು ಕಂಡುಬಂದಿತು. ಕಾಲರಾದ ಕ್ರಿಮಿ ಬಟ್ಟೆಗೆ ಸಿಕ್ಕುವಷ್ಟು ದೊಡ್ಡದಲ್ಲ. ಆದರೆ ಅದು ನೀರಿನಲ್ಲಿ ತೇಲುವ ಕಣ್ಣಿಗೆ ಅಷ್ಟಾಗಿ ಕಾಣದ ಕಿರುಜೀವಿಗಳಿಗೆ ಅಂಟಿಕೊಂಡಿರುವುದರಿಂದ, ಆ ಕಿರುಜೀವಿಗಳು ಬಟ್ಟೆಗೆ ಸಿಕ್ಕಿದಾಗ ಇದೂ ಸಿಕ್ಕಿಬೀಳುತ್ತದೆ. ಹಾಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಕ್ರಿಮಿಗಳು ಮಾತ್ರ ಬಟ್ಟೆಯನ್ನು ದಾಟಿಹೋಗುತ್ತವೆ.

ಬಟ್ಟೆಗಿಂತ ಸಮರ್ಥವಾದುದು ಮರಳು. ಲಂಡನ್ನಿನ ಚೆಲ್ಸಿಯಲ್ಲಿ 1829ರಲ್ಲಿ ಜೇಮ್ಸ್ ಸಿಂಪ್ಸನ್ ಕಟ್ಟಿದ ಮರಳಿನ ಶೋಧಕವು ನಗರಗಳ ನೀರು ಸರಬರಾಜಿನಲ್ಲಿ ಹೊಸ ಮಾರ್ಗವನ್ನು ತೆರೆಯಿತು. ಪುಣೆಯಲ್ಲಿ ಓದಿ ಮುಂಬಯಿ ಪ್ರಾಂತದ ಸೇವೆಗೆ ಸೇರಿದ ಎಂ. ವಿಶ್ವೇಶ್ವರಯ್ಯನವರು 1890ರ ದಶಕದ ನಡುವಿನಲ್ಲಿ ಸಿಂಧದ ಸಕ್ಕರ್ ಪಟ್ಟಣಕ್ಕೆ ನೀರಿನ ವ್ಯವಸ್ಥೆ ಮಾಡಬೇಕಾಗಿ ಬಂದಾಗ, ಅಲ್ಲಿನ ಪುರಸಭೆಗೆ ಶೋಧಕ ತೊಟ್ಟಿಗಳನ್ನು ಕಟ್ಟಿಸುವಷ್ಟು ಹಣದ ಅನುಕೂಲವಿರಲಿಲ್ಲ. ಅವರು ಸಿಂಧೂನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿ, ನದಿಯ ಮರಳಿನಲ್ಲಿ ಜಿನುಗಿ ಬಂದ ನೀರನ್ನೇ ಮೇಲೆತ್ತುವಂತೆ ಮಾಡಿದರು. ಹೀಗೆ ನದಿಯೇ ತನ್ನ ನೀರನ್ನು ತಾನೇ ಸೋಸಿಕೊಡುವಂತಾಯಿತು. ಮರಳಿನಲ್ಲಿ ನಡೆಯುವ ಈ ಕೆಲಸವನ್ನು ಒಂದು ಅಂಗೈಯಗಲದ ಜಾಗದಲ್ಲಿ ನಡೆಯಿಸುವುದೇ ಮಣ್ಣಿನ ಶೋಧಕದ ಉದ್ದೇಶ.

ಸುಟ್ಟ ಮಣ್ಣಿನ ಸ್ವಭಾವ

ಬೇಸಿಗೆಯಲ್ಲಿ ಮಣ್ಣಿನ ಹೂಜಿ ಬೆವರುವುದನ್ನು, ಮಳೆಗಾಲದಲ್ಲಿ ಮಂಗಳೂರು ಹೆಂಚು ನೀರು ಹೀರಿ ಕಪ್ಪಗಾಗುವುದನ್ನು ಕಾಣದವರಿಲ್ಲ. ಇವೆರಡಕ್ಕೂ ಕಾರಣ ಒಂದೇ: ಸುಟ್ಟ ಮಣ್ಣು ಗಟ್ಟಿಯಾದರೂ ಅದು ತುಂಬಿದ ಘನವಲ್ಲ, ಅದರೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಜೇಡಿಮಣ್ಣನ್ನು ಸುಡುವಾಗ ಸುಮಾರು 450ರಿಂದ 600 ಡಿಗ್ರಿ ಸೆಂಟಿಗ್ರೇಡಿನ ನಡುವೆ ಅದರ ಕಣಗಳೊಳಗೆ ಬಂಧಿತವಾಗಿದ್ದ ನೀರಿನ ಅಂಶ ಹೊರಟುಹೋಗುತ್ತದೆ. ಅನಂತರ ಅದನ್ನು ನೀರಿನಲ್ಲಿ ನೆನೆಯಿಟ್ಟರೂ ಮರಳಿ ಕೆಸರಾಗುವುದಿಲ್ಲ. ಕಣಗಳು ಅಂಚಿನಲ್ಲಿ ಒಂದಕ್ಕೊಂದು ಬೆಸೆದುಕೊಂಡು ನಡುವೆ ತೆರವು ಉಳಿಯುತ್ತದೆ. ಶಾಖವನ್ನು ಇನ್ನೂ ಏರಿಸಿದರೆ ಮಣ್ಣಿನ ಭಾಗಗಳು ಕರಗಿ ಗಾಜಿನಂತಾಗಿ ಆ ತೆರವನ್ನು ತುಂಬಿಬಿಡುತ್ತವೆ. ಊಟದ ಪಿಂಗಾಣಿ ತಟ್ಟೆ ನೀರು ಹೀರದಿರುವುದಕ್ಕೆ ಇದೂ, ಮೇಲೆ ಹಚ್ಚಿದ ಗಾಜಿನ ಮೆರುಗೂ ಕಾರಣ. ಶೋಧಕವನ್ನು ಮಾಡುವವನು ಈ ಎರಡು ಅವಸ್ಥೆಗಳ ನಡುವೆ ನಿಲ್ಲಬೇಕು: ಮಣ್ಣು ಗಟ್ಟಿಯಾಗಬೇಕು, ಗಾಜಾಗಬಾರದು; ಮೆರುಗನ್ನಂತೂ ಹಚ್ಚಲೇಕೂಡದು.

ರಂಧ್ರಗಳನ್ನು ಬೇಕಾದ ಪ್ರಮಾಣಕ್ಕೆ ತರಲು ಎರಡು ಉಪಾಯಗಳುಂಟು. ಮೊದಲನೆಯದು, ಜೇಡಿಮಣ್ಣಿಗೆ ಜರಡಿಯಾಡಿದ ಮರದ ಹೊಟ್ಟನ್ನೋ ಭತ್ತದ ಹೊಟ್ಟನ್ನೋ ಬೆರೆಸುವುದು. ಆವಿಗೆಯಲ್ಲಿ ಹೊಟ್ಟು ಉರಿದುಹೋಗಿ ಅದಿದ್ದ ಎಡೆ ಬರಿದಾಗುತ್ತದೆ. ಎರಡನೆಯದು, ಸ್ವಭಾವತಃ ರಂಧ್ರಮಯವಾದ ಡಯಾಟಮ್ ಮಣ್ಣನ್ನು ಉಪಯೋಗಿಸುವುದು. ಡಯಾಟಮ್ ಎಂಬುವು ನೀರಿನಲ್ಲಿ ಬೆಳೆಯುವ ಏಕಕೋಶದ ಪಾಚಿಗಳು. ಸಿಲಿಕದಿಂದ ರಚಿತವಾದ ಅವುಗಳ ಚಿಪ್ಪುಗಳಲ್ಲಿ ಕಸೂತಿಯ ಕೆಲಸದಂತೆ ಸಣ್ಣ ಸಣ್ಣ ತೂತುಗಳಿರುತ್ತವೆ. ಲಕ್ಷಾಂತರ ವರ್ಷಗಳಲ್ಲಿ ಸರೋವರಗಳ ತಳದಲ್ಲಿ ಶೇಖರವಾದ ಆ ಚಿಪ್ಪುಗಳೇ ಡಯಾಟಮ್ ಮಣ್ಣು. ಆಲ್‌ಫ್ರೆಡ್ ನೊಬೆಲ್ 1867ರಲ್ಲಿ ನೈಟ್ರೊಗ್ಲಿಸರಿನ್ನನ್ನು ಹೀರಿಸಿ ಡೈನಮೈಟನ್ನು ಮಾಡಿದುದು ಇದೇ ಮಣ್ಣಿನಿಂದ. ಸಂಹಾರಕ್ಕೂ ಸಂರಕ್ಷಣೆಗೂ ಅದರ ಗುಣ ಒಂದೇ, ಹೀರಿಕೊಳ್ಳುವಿಕೆ.

ಇಂತಹ ಗೋಡೆಯನ್ನು ನೀರು ಹಾಯುವ ವೇಗಕ್ಕೂ ಒಂದು ನಿಯಮವುಂಟು. ಫ್ರಾನ್ಸಿನ ದಿಜೋನ್ ನಗರದ ನೀರಿನ ವ್ಯವಸ್ಥೆಯನ್ನು ರೂಪಿಸಿದ ಹೆನ್ರಿ ಡಾರ್ಸಿ ಮರಳಿನ ಕೊಳವೆಗಳಲ್ಲಿ ಪ್ರಯೋಗ ನಡೆಸಿ 1856ರಲ್ಲಿ ಇದನ್ನು ಪ್ರಕಟಿಸಿದರು. ಮೇಲೆ ನಿಂತ ನೀರಿನ ಎತ್ತರವೂ ಶೋಧಕದ ವಿಸ್ತೀರ್ಣವೂ ಹೆಚ್ಚಿದಷ್ಟು ಹರಿವು ಹೆಚ್ಚುತ್ತದೆ. ಗೋಡೆಯ ದಪ್ಪ ಹೆಚ್ಚಿದಷ್ಟು ಕಡಿಮೆಯಾಗುತ್ತದೆ. ಮೇಲಣ ಪಾತ್ರೆ ತುಂಬಿರುವಾಗ ಫಿಲ್ಟರು ಬೇಗ ಇಳಿಯುವುದೂ, ತಳಕ್ಕೆ ಬಂದಾಗ ನಿಧಾನವಾಗುವುದೂ ಈ ನಿಯಮದಂತೆಯೇ. ರಂಧ್ರ ಕಿರಿದಾದಂತೆ ಹರಿವು ಬಹು ಶೀಘ್ರವಾಗಿ ಕುಗ್ಗುತ್ತದೆ. ಆದಕಾರಣ ಬಹಳ ಬೇಗ ನೀರಿಳಿಸುವ ಕ್ಯಾಂಡಲನ್ನು ಒಳ್ಳೆಯದೆಂದು ಹೊಗಳುವ ಮೊದಲು ಅನುಮಾನಿಸುವುದು ಲೇಸು.

ಕ್ಯಾಂಡಲಿನ ಹುಟ್ಟು

ಜರ್ಮನಿಯ ಹ್ಯಾಂಬರ್ಗ್ ನಗರವು 1892ರಲ್ಲಿ ಎಲ್ಬ ನದಿಯ ನೀರನ್ನು ಸೋಸದೆಯೇ ಪೌರರಿಗೆ ಒದಗಿಸುತ್ತಿದ್ದಿತು. ಆ ವರ್ಷದ ಕಾಲರಾ ಪಿಡುಗಿನಲ್ಲಿ ಅಲ್ಲಿ ಸುಮಾರು 8,600 ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೊನ ಪಟ್ಟಣವು ಅದೇ ನದಿಯಿಂದ, ಅದೂ ಹ್ಯಾಂಬರ್ಗಿನ ಚರಂಡಿ ಕೂಡಿದ ಬಳಿಕ ಕೆಳಗಡೆಯಲ್ಲಿ, ನೀರನ್ನು ತೆಗೆದುಕೊಳ್ಳುತ್ತಿದ್ದಿತು. ಆದರೆ ಅದನ್ನು ಮರಳಿನಲ್ಲಿ ಸೋಸಿ ಕೊಡುತ್ತಿದ್ದುದರಿಂದ ಆಲ್ಟೊನದಲ್ಲಿ ಸಾವುಗಳು ಬಹು ಕಡಿಮೆಯಾದುವು. ಎರಡು ಊರುಗಳ ಗಡಿಯಾಗಿದ್ದ ಬೀದಿಯ ಒಂದು ಮಗ್ಗುಲಿನ ಮನೆಗಳಲ್ಲಿ ರೋಗ, ಇನ್ನೊಂದು ಮಗ್ಗುಲಿನ ಮನೆಗಳಲ್ಲಿ ಆರೋಗ್ಯ. ಕಾಲರಾ ದುರ್ವಾಯುವಿನಿಂದ ಬರುವುದೆಂದು ವಾದಿಸುತ್ತಿದ್ದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿರಲಿಲ್ಲ. ಬೀದಿಯ ಎರಡು ಮಗ್ಗುಲಿಗೂ ಗಾಳಿ ಒಂದೇ, ನೀರು ಮಾತ್ರ ಬೇರೆ.

ಇದಕ್ಕೆ ಎಂಟು ವರ್ಷ ಮೊದಲೇ, 1884ರಲ್ಲಿ, ಪ್ಯಾರಿಸ್ಸಿನ ಲೂಯಿ ಪ್ಯಾಶ್ಚರರ ಪ್ರಯೋಗಶಾಲೆಯಲ್ಲಿ ಚಾರ್ಲ್ಸ್ ಚೇಂಬರ್ಲೆಂಡ್ ಎಂಬ ವಿಜ್ಞಾನಿ ಮೆರುಗಿಲ್ಲದ ಪಿಂಗಾಣಿಯಿಂದ ಒಂದು ಶೋಧಕವನ್ನು ನಿರ್ಮಿಸಿದ್ದರು. ಅದು ಒಂದು ತುದಿ ಮುಚ್ಚಿದ ಟೊಳ್ಳು ಕೊಳವೆ; ನೀರು ಹೊರಗಿನಿಂದ ಒಳಕ್ಕೆ ಜಿನುಗಿ ತೆರೆದ ತುದಿಯಿಂದ ಹೊರಬರುತ್ತದೆ. ಆಕಾರವು ಮೇಣದ ಬತ್ತಿಯನ್ನು ಹೋಲುತ್ತಿದ್ದುದರಿಂದ ಫ್ರೆಂಚರು ಅದನ್ನು ಬತ್ತಿಯೆಂದೇ ಕರೆದರು. ಅದೇ ಹೆಸರು ಇಂಗ್ಲಿಷಿನಲ್ಲಿ ಕ್ಯಾಂಡಲು ಎಂದಾಗಿ ನಮ್ಮ ಅಡಿಗೆಮನೆಗಳವರೆಗೂ ಬಂದಿತು. ಬೆಳಕಿಗೂ ಈ ಬತ್ತಿಗೂ ಯಾವ ಸಂಬಂಧವೂ ಇಲ್ಲ. ಜರ್ಮನಿಯ ಸೆಲ್ಲ ಊರಿನವರಾದ ವಿಲ್‌ಹೆಲ್ಮ್ ಬರ್ಕೆಫೆಲ್ಡ್ ಎಂಬುವರು ತಮ್ಮ ಕಡೆಯ ಗಣಿಗಳ ಡಯಾಟಮ್ ಮಣ್ಣಿನಿಂದ ಇದೇ ಮಾದರಿಯ ಕ್ಯಾಂಡಲನ್ನು ಮಾಡಿದರು. ಪಿಂಗಾಣಿಯದಕ್ಕಿಂತ ಇದರಲ್ಲಿ ನೀರು ಬೇಗ ಇಳಿಯುತ್ತಿದ್ದುದರಿಂದ ಹ್ಯಾಂಬರ್ಗಿನ ಪಿಡುಗಿನ ಕಾಲದಲ್ಲಿ ಇದಕ್ಕೆ ಬಹಳ ಬೇಡಿಕೆಯುಂಟಾಯಿತು. ಇಂದಿನ ಮನೆಯ ಕ್ಯಾಂಡಲುಗಳು ಬಹುಪಾಲು ಈ ಎರಡರ ವಂಶಕ್ಕೇ ಸೇರಿದವು.

ಇವು ಏನನ್ನು ತಡೆಯುತ್ತವೆ ಎಂಬುದು ಅಳತೆಯ ಮಾತು. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಆಮಶಂಕೆಯನ್ನು ತರುವ ಅಮೀಬದ ಕೋಶಗಳು 10 ಮೈಕ್ರಾನಿಗಿಂತ ದಪ್ಪ. ಜಿಯಾರ್ಡಿಯದ ಕೋಶಗಳು 8ರಿಂದ 12 ಮೈಕ್ರಾನ್. ಕಾಲರಾ, ಟೈಫಾಯಿಡುಗಳ ಬ್ಯಾಕ್ಟೀರಿಯಗಳು ಒಂದೆರಡು ಮೈಕ್ರಾನ್ ಉದ್ದವಾಗಿ, ಸುಮಾರು ಅರ್ಧ ಮೈಕ್ರಾನ್ ದಪ್ಪವಾಗಿರುತ್ತವೆ. ಒಳ್ಳೆಯ ಕ್ಯಾಂಡಲಿನ ರಂಧ್ರ ಒಂದು ಮೈಕ್ರಾನಿಗಿಂತ ಕಿರಿದು. ಅದು ಜರಡಿಯಂತೆ ಒಂದೇ ಪದರವೂ ಅಲ್ಲ. ದಪ್ಪ ಗೋಡೆಯಲ್ಲಿ ಅಂಕುಡೊಂಕಾದ ದಾರಿ. ಒಂದು ತಿರುವಿನಲ್ಲಿ ತಪ್ಪಿಸಿಕೊಂಡ ಕ್ರಿಮಿ ಮತ್ತೊಂದರಲ್ಲಿ ಗೋಡೆಗೆ ತಾಕಿ ಸಿಕ್ಕಿಕೊಳ್ಳುತ್ತದೆ. ಆದುದರಿಂದ ಕೋಶಗಳನ್ನು ಸಂಪೂರ್ಣವಾಗಿಯೂ ಬ್ಯಾಕ್ಟೀರಿಯಗಳನ್ನು ಬಹುಪಾಲಾಗಿಯೂ ಇದು ನಿಲ್ಲಿಸಬಲ್ಲುದು.

ಸೋಸಿದ ನೀರಿನಲ್ಲಿ ಉಳಿದುದು

ಚೇಂಬರ್ಲೆಂಡರ ಕ್ಯಾಂಡಲು ಕ್ರಿಮಿರಹಿತವಾದ ದ್ರವವನ್ನು ಕೊಡುವುದೆಂದು ಎಲ್ಲ ಪ್ರಯೋಗಶಾಲೆಗಳೂ ಒಪ್ಪಿದ್ದ ಕಾಲದಲ್ಲಿ ಒಂದು ವಿಚಿತ್ರ ಸಂಗತಿ ಕಂಡುಬಂದಿತು. ರಷ್ಯದ ದ್ಮಿತ್ರಿ ಇವಾನೋವ್‌ಸ್ಕಿ 1892ರಲ್ಲಿ, ರೋಗ ತಗುಲಿದ ಹೊಗೆಸೊಪ್ಪಿನ ಎಲೆಯ ರಸವನ್ನು ಈ ಕ್ಯಾಂಡಲಿನಲ್ಲಿ ಸೋಸಿ, ಸೋಸಿದ ರಸವನ್ನು ಆರೋಗ್ಯವಾದ ಗಿಡಕ್ಕೆ ಲೇಪಿಸಿದರು. ಗಿಡಕ್ಕೆ ರೋಗ ಬಂದಿತು. ಶೋಧಕದಲ್ಲಿ ಬಿರುಕಿರಬಹುದೇ, ರಸದಲ್ಲಿ ವಿಷವಿರಬಹುದೇ ಎಂದು ಅವರು ಶಂಕಿಸಿದರು. ಹಾಲೆಂಡಿನ ಮಾರ್ಟಿನಸ್ ಬೈಯೆರಿಂಕ್ 1898ರಲ್ಲಿ ಇನ್ನೊಂದು ಹೆಜ್ಜೆ ಮುಂದುವರಿದು, ಸೋಸಿದ ರಸ ಕೇವಲ ವಿಷವಾಗಿದ್ದರೆ ಗಿಡದಿಂದ ಗಿಡಕ್ಕೆ ದಾಟುತ್ತ ತೆಳುವಾಗಬೇಕಾಗಿದ್ದಿತು, ಆದರೆ ಅದು ಪ್ರತಿ ಗಿಡದಲ್ಲಿಯೂ ವೃದ್ಧಿಯಾಗುತ್ತದೆ ಎಂದು ತೋರಿಸಿದರು. ಅದೇ ವರ್ಷ ಲ್ಯೊಫ್ಲರ್ ಮತ್ತು ಫ್ರಾಷ್ ಎಂಬ ಜರ್ಮನ್ ವಿಜ್ಞಾನಿಗಳು ದನಗಳ ಕಾಲುಬಾಯಿ ಜ್ವರದ ಕಾರಣವೂ ಡಯಾಟಮ್ ಕ್ಯಾಂಡಲನ್ನು ದಾಟುವುದೆಂದು ಕಂಡುಹಿಡಿದರು.

ವೈರಸ್ಸುಗಳೆಂದು ಇಂದು ಹೆಸರಾದ ರೋಗಕಾರಕಗಳ ಅರಿವು ಮನುಷ್ಯನಿಗೆ ದೊರೆತುದು ಹೀಗೆ. ಬಹುಕಾಲದವರೆಗೆ ಅವುಗಳಿಗೆ 'ಶೋಧಕವನ್ನು ದಾಟುವ ವೈರಸ್ಸುಗಳು' ಎಂಬ ಲಕ್ಷಣವೇ ಹೆಸರಿನ ಭಾಗವಾಗಿದ್ದಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೊಗೆಸೊಪ್ಪಿನ ವೈರಸ್ಸನ್ನು ಕಣ್ಣಾರೆ ಕಂಡುದು 1939ರಲ್ಲಿ. ಅದಕ್ಕೆ ಮೊದಲು ನಾಲ್ಕು ದಶಕಗಳ ಕಾಲ, ಮಣ್ಣಿನ ಗೋಡೆಯನ್ನು ದಾಟಿತೆಂಬುದೇ ಅದರ ಇರವಿಗೆ ಮುಖ್ಯ ಸಾಕ್ಷಿಯಾಗಿದ್ದಿತು. ಕ್ಯಾಂಡಲಿನ ಸೋಲಿನಿಂದ ಒಂದು ಹೊಸ ವಿಜ್ಞಾನವೇ ಹುಟ್ಟಿತೆಂದರೆ ಅತಿಶಯೋಕ್ತಿಯಲ್ಲ. ಆದರೆ ಪ್ರಯೋಗಶಾಲೆಗೆ ಲಾಭವಾದ ಆ ಸೋಲು ಮನೆಯ ಫಿಲ್ಟರಿನಲ್ಲಿ ನಷ್ಟವೇ ಸರಿ. ಪೋಲಿಯೊ, ಕಾಮಾಲೆಗಳ ವೈರಸ್ಸುಗಳು ಮೈಕ್ರಾನಿನ ನೂರರಲ್ಲಿ ಸುಮಾರು ಮೂರು ಭಾಗದಷ್ಟು ಮಾತ್ರ ಇರುತ್ತವೆ. ಅರ್ಧ ಮೈಕ್ರಾನಿನ ರಂಧ್ರಕ್ಕೆ ಅವು ಒಂದು ಮೊಳ ಅಗಲದ ಕಿಟಕಿಗೆ ನೆಲ್ಲಿಕಾಯಿಯಿದ್ದಂತೆ. ಗೋಡೆಗೆ ಅಂಟಿಕೊಂಡು ಕೆಲವು ಉಳಿದಾವು. ಆದರೆ ಮಣ್ಣಿಗೂ ವೈರಸ್ಸುಗಳಿಗೂ ಸಾಮಾನ್ಯವಾಗಿ ನೀರಿನಲ್ಲಿ ಒಂದೇ ಬಗೆಯ ಋಣವಿದ್ಯುತ್ತಿರುವುದರಿಂದ ಅವು ಒಂದನ್ನೊಂದು ದೂರವಿಡುತ್ತವೆ. ಕಬ್ಬಿಣ, ಅಲ್ಯುಮಿನಿಯಮ್ಮುಗಳ ಆಕ್ಸೈಡುಗಳನ್ನು ಲೇಪಿಸಿ ಗೋಡೆಗೆ ಧನವಿದ್ಯುತ್ತನ್ನು ಕೊಡುವ ಸಂಶೋಧನೆಗಳು ನಡೆದಿರುವುದು ಈ ಕಾರಣದಿಂದಲೇ.

ದಿಲ್ಲಿಯ ಪಾಠ

ಈ ಭೇದವು ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲವೆಂಬುದನ್ನು ದಿಲ್ಲಿ ನಗರವು 1955ರ ಕೊನೆಯಲ್ಲಿ ಅನುಭವಿಸಿ ತಿಳಿಯಿತು. ಆ ವರ್ಷದ ಪ್ರವಾಹದ ತರುವಾಯ ಯಮುನೆಯ ಹರಿವಿನಲ್ಲಿ ಬದಲಾವಣೆಯುಂಟಾಗಿ, ನಜಫಗಢ ನಾಲೆಯ ಕೊಳಚೆ ನವೆಂಬರಿನಲ್ಲಿ ವಜೀರಾಬಾದಿನ ನೀರೆತ್ತುವ ಸ್ಥಳಕ್ಕೆ ಬಂದು ಸೇರಿತು. ಜಲಾಗಾರದವರು ಇದನ್ನು ಗಮನಿಸಿ ಕ್ಲೋರಿನ್ನಿನ ಪ್ರಮಾಣವನ್ನು ಏರಿಸಿದರು. ಊರಿನಲ್ಲಿ ಟೈಫಾಯಿಡು, ಆಮಶಂಕೆಗಳು ಹೆಚ್ಚಲಿಲ್ಲ. ಬ್ಯಾಕ್ಟೀರಿಯಗಳ ಮಟ್ಟಿಗೆ ಅವರ ಎಚ್ಚರ ಫಲಿಸಿತು. ಆದರೆ ಕೆಲವೇ ವಾರಗಳಲ್ಲಿ, 1955ರ ಡಿಸೆಂಬರಿನಿಂದ 1956ರ ಜನವರಿಯವರೆಗೆ, ಸುಮಾರು 29,000 ಜನರು ಕಾಮಾಲೆಯಿಂದ ಮಲಗಿದರು. ಗರ್ಭಿಣಿಯರಲ್ಲಿ ಮರಣದ ಪ್ರಮಾಣ ವಿಶೇಷವಾಗಿದ್ದಿತು. ಕಾಪಿಟ್ಟಿದ್ದ ರಕ್ತದ ಮಾದರಿಗಳನ್ನು ದಶಕಗಳ ಅನಂತರ ಪರೀಕ್ಷಿಸಿದಾಗ, ಅದು ಹೆಪಟೈಟಿಸ್ ಎ ಅಲ್ಲವೆಂದು ತಿಳಿಯಿತು. ಹೆಪಟೈಟಿಸ್ ಇ ಎಂದು ಈಗ ಹೆಸರಾದ ವೈರಸ್ಸೇ ಅದರ ಕಾರಣವೆಂದು ಗಣಿಸಲಾಗಿದೆ.

ನಗರದ ಜಲಾಗಾರವೇ ತಡೆಯಲಾರದೆ ಹೋದುದನ್ನು ಅಡಿಗೆಮನೆಯ ಕ್ಯಾಂಡಲು ತಡೆಯುವುದೆಂದು ನಂಬಲು ಆಧಾರವಿಲ್ಲ. ನಗರದ ನೀರು ಜಲಾಗಾರದಲ್ಲಿ ಶುದ್ಧವಾಗಿ ಹೊರಟರೂ ಮನೆಯವರೆಗೆ ಹಾಗೆಯೇ ಬರುವುದೆಂಬ ಭರವಸೆಯೂ ಇಲ್ಲ. ನಮ್ಮ ನಗರಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಕೆಲವು ಗಂಟೆ ಮಾತ್ರ ನೀರು ಬಿಡುವುದರಿಂದ, ಉಳಿದ ಹೊತ್ತಿನಲ್ಲಿ ಕೊಳವೆ ಬರಿದಾಗಿ, ಬಿರುಕುಗಳ ಮೂಲಕ ಪಕ್ಕದ ಚರಂಡಿಯ ಹೊಲಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದುದರಿಂದ ಊರಿನಲ್ಲಿ ಕಾಮಾಲೆಯ ಸುದ್ದಿ ಹರಡಿದಾಗ ಫಿಲ್ಟರನ್ನೇ ನಂಬಿ ಕುಳಿತಿರುವುದು ಸಲ್ಲದು. ಸೋಸಿದ ನೀರನ್ನು ಮರಳುವವರೆಗೆ ಕುದಿಸಿಯೇ ಕುಡಿಯತಕ್ಕದ್ದು.

ಕರಗಿದ ವಸ್ತುಗಳ ವಿಚಾರ

ಇನ್ನು ಮೂರನೆಯ ವರ್ಗ. ನೀರಿನಲ್ಲಿ ತೇಲುವ ಕಣ ಬೇರೆ, ಕರಗಿದ ಲವಣ ಬೇರೆ. ಉಪ್ಪು ಬೆರೆಸಿದ ನೀರನ್ನು ಕ್ಯಾಂಡಲಿಗೆ ಸುರಿದರೆ ಕೆಳಗೆ ಇಳಿಯುವುದೂ ಉಪ್ಪು ನೀರೇ. ಫ್ಲೋರೈಡು, ನೈಟ್ರೇಟು, ನೀರನ್ನು ಗಡುಸಾಗಿಸುವ ಲವಣಗಳು ಇವೆಲ್ಲ ರಂಧ್ರಕ್ಕಿಂತ ಸಾವಿರ ಪಾಲಿಗೂ ಚಿಕ್ಕವಾದ ಅಯಾನುಗಳ ರೂಪದಲ್ಲಿರುತ್ತವೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ, ಪಾವಗಡ ಮುಂಡರಗಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಅಧಿಕವಾಗಿರುವುದು ತಿಳಿದ ವಿಷಯ. ಲೀಟರಿಗೆ 1 ಮಿಲಿಗ್ರಾಮು ಇರಬಹುದೆಂದೂ, ಬೇರೆ ನೀರು ದೊರೆಯದಿದ್ದರೆ 1.5ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ಅದಕ್ಕೆ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಯಾಗುವುದು, ಮೂಳೆ ಬಾಗುವುದು. ಆ ನೀರು ಬಹಳ ಸಲ ಕಣ್ಣಿಗೆ ತಿಳಿಯಾಗಿಯೇ ಇರುವುದೊಂದು ದುರ್ದೈವ. ಕ್ಯಾಂಡಲು ಅದಕ್ಕೆ ಯಾವ ಸಹಾಯವನ್ನೂ ಮಾಡಲಾರದು, ಕುದಿಸುವುದೂ ಮಾಡಲಾರದು. ಹೈದರಾಬಾದಿಗೆ ನೆರೆಯ ನಲಗೊಂಡ ಜಿಲ್ಲೆಯ ಹೆಸರನ್ನೇ ಹೊತ್ತಿರುವ ವಿಧಾನ, ಎಂದರೆ ಸುಣ್ಣವನ್ನೂ ಪಟಿಕವನ್ನೂ ಬೆರೆಸಿ ಫ್ಲೋರೈಡನ್ನು ಗಸಿಯಾಗಿ ಇಳಿಸುವುದು, ಇದಕ್ಕಾಗಿ ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನ ಸಂಸ್ಥೆಯವರು ರೂಪಿಸಿದ ಬೇರೆಯೇ ಮಾರ್ಗ.

ಕುಂಬಾರನ ಶೋಧಕ

ಕ್ಯಾಂಡಲು ಕಾರ್ಖಾನೆಯ ವಸ್ತು. ಆದರೆ ಅದರ ತತ್ತ್ವವು ಊರ ಕುಂಬಾರನ ಕೈಗೆ ನಿಲುಕದುದೇನೂ ಅಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲದಲ್ಲಿ 1981ರಲ್ಲಿ ಫರ್ನಾಂಡೊ ಮಜಾರಿಯೆಗೊಸ್ ಎಂಬ ವಿಜ್ಞಾನಿ ಜೇಡಿಮಣ್ಣು ಮತ್ತು ಮರದ ಹೊಟ್ಟಿನಿಂದ ಕುಂಡದ ಆಕಾರದ ಶೋಧಕವೊಂದನ್ನು ರೂಪಿಸಿ, ಅದಕ್ಕೆ ಬೆಳ್ಳಿಯ ಸೂಕ್ಷ್ಮಕಣಗಳ ದ್ರಾವಣವನ್ನು ಲೇಪಿಸಿದರು. ನಿಕರಾಗುವದಲ್ಲಿ 1998ರ ಭೀಕರ ಚಂಡಮಾರುತದ ಬಳಿಕ ಅದು ಬಹುಮಂದಿ ಸಂತ್ರಸ್ತರಿಗೆ ಉಪಯೋಗವಾಯಿತು. ಮುಂದೆ ಅನೇಕ ದೇಶಗಳ ಕುಂಬಾರರು ಅದನ್ನು ಕಲಿತರು. ಭುವನೇಶ್ವರದ ಪ್ರಾದೇಶಿಕ ಸಂಶೋಧನಾಲಯದಲ್ಲಿ ಕೆಂಪುಮಣ್ಣು, ಹೊಳೆಯ ಮರಳು, ಮರದ ಹೊಟ್ಟುಗಳಿಂದ ಮಾಡಿದ 'ಟೆರಾಫಿಲ್' ಎಂಬ ಬಿಲ್ಲೆಯೂ ಇದೇ ಜಾತಿಯದು.

ಕಾಂಬೋಡಿಯದ ಹಳ್ಳಿಗಳಲ್ಲಿ ಇಂತಹ ಕುಂಡಗಳನ್ನು ಕುರಿತು ನಡೆದ ಪರೀಕ್ಷೆಗಳು ಎರಡು ಸತ್ಯಗಳನ್ನು ಒಟ್ಟಿಗೆ ತಿಳಿಸುತ್ತವೆ. ಕುಂಡವನ್ನು ಉಪಯೋಗಿಸಿದ ಮನೆಗಳಲ್ಲಿ ಅತಿಸಾರವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂದು 2008ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಆದರೆ ಕೊಟ್ಟ ಕುಂಡಗಳಲ್ಲಿ ತಿಂಗಳಿಗೆ ನೂರಕ್ಕೆ ಸುಮಾರು 2ರಂತೆ ಬಳಕೆ ತಪ್ಪುತ್ತ ಹೋಯಿತು. ಅದಕ್ಕೆ ಮುಖ್ಯ ಕಾರಣ ಕುಂಡ ಒಡೆದುದು. ಮಣ್ಣಿನ ಪಾತ್ರೆ ಒಡೆಯುವುದು ಸಹಜ. ಒಡೆದಾಗ ಮತ್ತೊಂದು ಅದೇ ಊರಿನಲ್ಲಿ, ಕೈಗೆಟಕುವ ಬೆಲೆಗೆ ಸಿಕ್ಕುವಂತಿದ್ದರೆ ಮಾತ್ರ ಯೋಜನೆ ಉಳಿಯುತ್ತದೆ. ಹಂಚಿ ಹೊರಟುಹೋದವರಿಂದ ಉಳಿಯುವುದಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಗ್ರಾಮದ ಕುಂಬಾರರಿಗೆ ಶಿಕ್ಷಣ ಕೊಡುವ ಸಂಸ್ಥೆಯೇ ಇರುವ ಕನ್ನಡ ನಾಡಿಗೆ ಈ ವಿಷಯ ದೂರದ್ದಲ್ಲ. ಹೂಜಿಗೆ ಬೇಡಿಕೆ ತಗ್ಗಿರುವ ಕಾಲದಲ್ಲಿ ಕುಂಬಾರನ ಆವಿಗೆಗೆ ಇದೊಂದು ಹೊಸ ಕೆಲಸವಾಗಬಲ್ಲುದು. ಆದರೆ ಹೂಜಿಯ ಕುಂದು ಕಣ್ಣಿಗೆ ಕಾಣುತ್ತದೆ, ಶೋಧಕದ ಕುಂದು ಕಾಣುವುದಿಲ್ಲ. ಪ್ರತಿಯೊಂದು ಕುಂಡವನ್ನೂ ಗಂಟೆಗೆ ಎಷ್ಟು ನೀರು ಇಳಿಸುವುದೆಂದು ಅಳೆದು, ಮಿತಿಮೀರಿ ಬೇಗ ಇಳಿಸುವುದನ್ನು ಒಡೆದುಹಾಕುವ ಶಿಸ್ತು ಇದ್ದಲ್ಲಿ ಮಾತ್ರ ಆ ಕೆಲಸಕ್ಕೆ ಕೈಹಾಕಬೇಕು.

ಮನೆಯಲ್ಲಿ ವಹಿಸಬೇಕಾದ ಎಚ್ಚರ

ನೂರಕ್ಕೆ 99 ಬ್ಯಾಕ್ಟೀರಿಯಗಳನ್ನು ತಡೆಯುವುದೆಂಬ ಮಾತು ಕೇಳಲು ಪೂರ್ಣವೆಂದೇ ತೋರುತ್ತದೆ. ಆದರೆ ಲೆಕ್ಕ ಹಾಕಿ ನೋಡಬೇಕು. ಒಂದು ಲೋಟ ಕೊಳಕು ನೀರಿನಲ್ಲಿ ಅಂತಹವು 1,000 ಇದ್ದರೆ, ಸೋಸಿದ ಮೇಲೂ 10 ಉಳಿಯುತ್ತವೆ. 100 ಮಿಲಿಲೀಟರಿನಲ್ಲಿ ಮಲಸೂಚಕವಾದ ಇ. ಕೋಲಿ ಒಂದೂ ಕಾಣಬಾರದೆಂಬುದು ಕುಡಿಯುವ ನೀರಿನ ಮಾನಕ. ಮೂಲದ ನೀರು ಎಷ್ಟು ಒಳ್ಳೆಯದೋ ಸೋಸಿದ ನೀರು ಅಷ್ಟು ನಿರಪಾಯ.

ಇನ್ನೊಂದು ತೊಂದರೆ ಕಾಲದಿಂದ ಬರುವುದು. ಗೋಡೆಯಲ್ಲಿ ಸಿಕ್ಕಿಬಿದ್ದ ಬ್ಯಾಕ್ಟೀರಿಯಗಳು ಸಾಯುವುದಿಲ್ಲ. ತೇವವೂ ಆಹಾರವೂ ಇದ್ದರೆ ಅಲ್ಲಿಯೇ ವೃದ್ಧಿಯಾಗಿ, ದಿನಗಳು ಕಳೆದಂತೆ ರಂಧ್ರಗಳ ಮೂಲಕ ಒಳಗಣ ಮೈಗೆ ಬೆಳೆದುಬರಬಹುದು. ಬೆಳ್ಳಿಯ ಲೇಪ ಇದನ್ನು ತಡೆಯುವುದಕ್ಕಾಗಿಯೇ ಬಂದುದು. ಬೆಳ್ಳಿಯಿಲ್ಲದ ಕ್ಯಾಂಡಲನ್ನಾಗಲಿ ಇರುವುದನ್ನಾಗಲಿ ವಾರಕ್ಕೊಮ್ಮೆ ಮೆದುವಾದ ಕುಂಚದಿಂದ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಸಾಬೂನನ್ನು ಹಚ್ಚಕೂಡದು, ಅದು ರಂಧ್ರಗಳಲ್ಲಿ ಉಳಿಯುತ್ತದೆ. ತಯಾರಕರ ಸೂಚನೆಯಲ್ಲಿ ಹೇಳಿದ್ದರೆ ಕುದಿಸಬಹುದು. ಇಲ್ಲವಾದರೆ ಕೆಳಗಿನ ಪ್ಲಾಸ್ಟಿಕ್ ಅಡಿಯ ಅಂಟು ಬಿಡುವ ಸಂಭವವುಂಟು. ಉಜ್ಜಿದಷ್ಟೂ ಗೋಡೆ ತೆಳುವಾಗುವುದರಿಂದ ಕ್ಯಾಂಡಲಿಗೆ ಆಯುಸ್ಸುಂಟೆಂಬುದನ್ನು ಮರೆಯಬಾರದು.

ಕೂದಲೆಳೆಯಂತಹ ಬಿರುಕು ಬಂದ ಕ್ಯಾಂಡಲು ನೋಡಲು ಮೊದಲಿನಂತೆಯೇ ಇರುತ್ತದೆ. ನೀರು ಮಾತ್ರ ಗೋಡೆಯನ್ನು ಬಿಟ್ಟು ಬಿರುಕಿನಿಂದಲೇ ಇಳಿಯುತ್ತದೆ. ಇದನ್ನು ಪತ್ತೆಹಚ್ಚಲು ಸುಲಭವಾದ ಪರೀಕ್ಷೆಯೊಂದುಂಟು. ಕ್ಯಾಂಡಲನ್ನು ಚೆನ್ನಾಗಿ ನೆನೆಯಿಸಿ, ಅದರ ಕೆಳಗಣ ನಳಿಗೆಗೆ ರಬ್ಬರಿನ ಕೊಳವೆಯನ್ನು ಸಿಕ್ಕಿಸಿ, ನೀರಿನಲ್ಲಿ ಮುಳುಗಿಸಿ, ಮೆಲ್ಲನೆ ಊದಬೇಕು. ಒದ್ದೆಯಾದ ಸೂಕ್ಷ್ಮರಂಧ್ರದಿಂದ ನೀರನ್ನು ಹೊರತಳ್ಳಲು ಬಾಯಿಯ ಗಾಳಿ ಸಾಲದು. ರಂಧ್ರ ಕಿರಿದಾದಷ್ಟು ನೀರಿನ ಹಿಡಿತ ಬಿಗಿ. ಆದುದರಿಂದ ಒಂದೆಡೆಯಿಂದಲೇ ಗುಳ್ಳೆಗಳ ಸಾಲು ಎದ್ದರೆ ಅಲ್ಲಿ ಬಿರುಕೋ ಸಡಿಲವಾದ ಕೀಲೋ ಇರುವುದು ನಿಶ್ಚಯ. ಅಂತಹ ಕ್ಯಾಂಡಲನ್ನು ಎಸೆಯುವುದೇ ಮಿತವ್ಯಯ.

ಕುದಿಸಿ ಆರಿಸಿದ ನೀರನ್ನು ಫಿಲ್ಟರಿಗೆ ಸುರಿಯುವ ರೂಢಿ ಅನೇಕ ಮನೆಗಳಲ್ಲಿದೆ. ಇದು ಕ್ರಮವನ್ನು ತಲೆಕೆಳಗು ಮಾಡಿದಂತೆ. ಕುದಿಸಿ ನಿರಪಾಯವಾದ ನೀರಿಗೆ ಹಳೆಯ ಕ್ಯಾಂಡಲಿನ ಕೊಳೆಯನ್ನು ಮತ್ತೆ ಸೇರಿಸಿದಂತೆ. ಮೊದಲು ಸೋಸಬೇಕು, ಅನಂತರ ಕುದಿಸಬೇಕು, ಕುದಿಸಿದ ಪಾತ್ರೆಯಲ್ಲಿಯೇ ಮುಚ್ಚಿಡಬೇಕು. ಕೆಳಗಣ ಪಾತ್ರೆಯಿಂದ ನೀರನ್ನು ನಲ್ಲಿಯಿಂದಲೇ ತೆಗೆದುಕೊಳ್ಳಬೇಕಲ್ಲದೆ ಲೋಟವನ್ನು ಅದ್ದಕೂಡದು. ಸೋಸಿದ ನೀರನ್ನು ಕೈಬೆರಳು ಒಂದು ಕ್ಷಣದಲ್ಲಿ ಕೆಡಿಸಬಲ್ಲುದು.

ನೆದರ್ಲೆಂಡಿನ ಆಂಡೈಕ್ ಎಂಬಲ್ಲಿ 2014ರಲ್ಲಿ ಆರಂಭವಾದ ಜಲಾಗಾರದಲ್ಲಿ ಒಂದು ಪ್ರದೇಶಕ್ಕೇ ಬೇಕಾಗುವಷ್ಟು ನೀರನ್ನು ಸೆರಾಮಿಕ್ ಪೊರೆಗಳಲ್ಲಿ ಸೋಸಲಾಗುತ್ತಿದೆ. ಹೂಜಿಯಲ್ಲಿ ಬೆವರುತ್ತಿದ್ದ ಮಣ್ಣು ಅಲ್ಲಿಯವರೆಗೆ ನಡೆದುಬಂದಿದೆ. ಆದರೆ ದೊಡ್ಡ ಜಲಾಗಾರಕ್ಕಾಗಲಿ ಅಡಿಗೆಮನೆಯ ಮೂಲೆಯ ಪಾತ್ರೆಗಾಗಲಿ ಕೇಳಬೇಕಾದ ಪ್ರಶ್ನೆಗಳು ಅವೇ: ಈ ನೀರಿನಲ್ಲಿ ಏನಿದೆ? ಈ ಗೋಡೆ ಅದರಲ್ಲಿ ಯಾವುದನ್ನು ತಡೆಯುತ್ತದೆ? ತಡೆಯದೆ ಬಿಟ್ಟುದಕ್ಕೆ ಬೇರೆ ಉಪಾಯವೇನು? ತೇಲುವ ಕೊಳೆಗೂ ಕೋಶಗಳಿಗೂ ಬ್ಯಾಕ್ಟೀರಿಯಗಳಿಗೂ ಒಳ್ಳೆಯ ಕ್ಯಾಂಡಲು ಸಾಕು; ವೈರಸ್ಸುಗಳಿಗೆ ಒಲೆಯೂ ಬೇಕು; ಕರಗಿದ ವಿಷಕ್ಕೆ ಇವೆರಡೂ ನಿರುಪಯೋಗಿ. ಇಷ್ಟನ್ನು ಅರಿತ ಮನೆಯಲ್ಲಿ ಆ ಹಳೆಯ ಎರಡಂತಸ್ತಿನ ಪಾತ್ರೆ ಇನ್ನೂ ಬಹುಕಾಲ ಸೇವೆ ಮಾಡಬಲ್ಲುದು.